ಸಸಿ ಕೊಂಡವನ ತೋಟವೇ ಸಸ್ಯಾಗಾರದ ಬೋರ್ಡು
(ಸಸ್ಯಾಗಾರ ನಡೆಸುವ ಗ್ರಾಮೀಣ ರೈತರ ತರಬೇತಿ ಶಿಬಿರಕ್ಕಾಗಿ ಸಿದ್ಧಪಡಿಸಿದ ಉಪನ್ಯಾಸ)



ಮುಂಗಾರಿನ ಮೊದಲ ಹದ ಮಳೆ ಬೀಳುತ್ತಿದ್ದಂತೆ ಸಸಿಗಳ ವ್ಯಾಪಾರ ಆರಂಭವಾಗುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಗಿಡ ಹೋದರೆ ಹೋಯಿತು, ಇಲ್ಲವಾದರೆ ವರ್ಷವಿಡೀ ನೀರು ಹೊತ್ತ ಶ್ರಮವೆಲ್ಲ ಪಾಲಿಥೀನ್ ಚೀಲದಲ್ಲಿಯೇ ಉಳಿಯುತ್ತದೆ. ಈ ಆತುರದಲ್ಲಿ ಸಸ್ಯಾಗಾರದವನು ಒಂದು ಸಂಗತಿಯನ್ನು ಮರೆಯುವ ಸಂಭವವುಂಟು. ಬಟ್ಟೆ ಕೊಂಡವನಿಗೆ ಒಂದು ಒಗೆತದಲ್ಲಿ ಬಣ್ಣ ತಿಳಿಯುತ್ತದೆ. ಬಿತ್ತನೆ ರಾಗಿ ಕೊಂಡವನಿಗೆ ನಾಲ್ಕು ತಿಂಗಳಲ್ಲಿ ತೆನೆ ಕಾಣುತ್ತದೆ. ಆದರೆ ಮಾವಿನ ಕಸಿ ಗಿಡ ಕೊಂಡವನಿಗೆ ತಾನು ಕೊಂಡದ್ದು ಏನೆಂದು ತಿಳಿಯಬೇಕಾದರೆ ನಾಲ್ಕೈದು ವರ್ಷ ಹಿಡಿಯುತ್ತದೆ. ನಾಟಿ ತೆಂಗಾದರೆ ಇನ್ನೂ ಒಂದೆರಡು ವರ್ಷ ಹೆಚ್ಚು.

ಎರಡು ಎಕರೆ ಒಣಭೂಮಿಯಲ್ಲಿ ಮಾವು ಹಾಕಲು ಹೊರಟ ರೈತನೊಬ್ಬನ ಲೆಕ್ಕ ಹೀಗಿರುತ್ತದೆ. 10 ಮೀಟರ್ ಅಂತರಕ್ಕೆ ಎಕರೆಗೆ 40 ಗಿಡ, ಒಟ್ಟು 80 ಗಿಡ. ಒಂದೊಂದಕ್ಕೂ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ. ಅದಕ್ಕೆ ತುಂಬಲು ಕೊಟ್ಟಿಗೆ ಗೊಬ್ಬರ, ದನ ಮೇಯದಂತೆ ಬೇಲಿ, ಎರಡು ಬೇಸಿಗೆ ನೀರು. ಇವುಗಳ ಮುಂದೆ ಗಿಡದ ಬೆಲೆ ತೀರ ಸಣ್ಣದು. ಗಿಡ ತಪ್ಪಿದ್ದರೆ ಕಳೆದುಹೋಗುವುದು ಗಿಡದ ಬೆಲೆಯಲ್ಲ, ಆ ಸಂಸಾರದ ಐದು ವರ್ಷ. ಆ ಐದು ವರ್ಷದಲ್ಲಿ ಮಗಳ ಮದುವೆಗೆಂದೋ ಮಗನ ಓದಿಗೆಂದೋ ಆ ಫಸಲನ್ನು ನಂಬಿ ಮಾಡಿದ ಯೋಜನೆಯೂ ಅದರೊಂದಿಗೆ ಹೋಗುತ್ತದೆ. ಗಿರಾಕಿಯು ಸಸ್ಯಾಗಾರದವನನ್ನು ನಂಬುತ್ತಾನೆ ಎಂಬ ಮಾತಿಗೆ ಇಷ್ಟು ತೂಕವಿದೆ.

ಹೊಸ ಗಿರಾಕಿಗಳು ಎಲ್ಲಿಂದ ಬರುತ್ತಾರೆ? ರಸ್ತೆಯ ಬದಿಯ ಬೋರ್ಡು ನೋಡಿ ಬರುವವರು ಕೆಲವರು ಇದ್ದೇ ಇರುತ್ತಾರೆ. ಆದರೆ ಹಳ್ಳಿಗಾಡಿನಲ್ಲಿ ಬಹುಮಂದಿ ಬರುವುದು ಇನ್ನೊಬ್ಬರ ತೋಟ ನೋಡಿದ ಮೇಲೆ. ಹಾಲಿನ ಡೇರಿಯ ಮುಂದೆ ಸಾಲು ನಿಂತಾಗ, ಸಂತೆಯಿಂದ ಹಿಂದಿರುಗುವಾಗ, ಬೀಗರ ಊರಿಗೆ ಹೋದಾಗ ಮಾತು ಬರುತ್ತದೆ: "ನಿಮ್ಮ ಗಿಡ ಚೆನ್ನಾಗಿ ಚಿಗುರಿದ್ಯಲ್ಲಣ್ಣಾ, ಎಲ್ಲಿಂದ ತಂದ್ರಿ?" ಆ ಪ್ರಶ್ನೆಗೆ ಬರುವ ಉತ್ತರವೇ ಸಸ್ಯಾಗಾರದ ಜಾಹೀರಾತು. "ತರಬೇಡಿ ಅಲ್ಲಿಂದ" ಎಂಬ ಉತ್ತರವಾದರೆ ಅದು ಇನ್ನೂ ಬೇಗ ಊರು ಸುತ್ತುತ್ತದೆ. ಆದುದರಿಂದ ಮಾರಿದ ಗಿಡವನ್ನು ಮಾರಿದ ದಿನಕ್ಕೇ ಮರೆಯುವ ಸಸ್ಯಾಗಾರದವನು ತನ್ನ ಬೋರ್ಡನ್ನು ಬಿಸಿಲು ಮಳೆಗೆ ಬಿಟ್ಟಂತೆಯೇ ಸರಿ.

ಸೇವೆ ಎಂದಾಕ್ಷಣ ಕುರ್ಚಿ ಹಾಕಿ ಕಾಫಿ ಕೊಡುವುದು ಎಂದು ತಿಳಿಯಬೇಕಾಗಿಲ್ಲ. ಕೊಟ್ಟರೆ ಸಂತೋಷವೇ. ಸಸಿಯ ವ್ಯಾಪಾರದಲ್ಲಿ ಮೊದಲ ಸೇವೆ ಎಂದರೆ ಹಣ ಎಣಿಸುವುದಕ್ಕೆ ಮುಂಚೆ ನಾಲ್ಕು ಪ್ರಶ್ನೆ ಕೇಳುವುದು. ಮಣ್ಣು ಯಾವುದು? ನೀರು ಎಷ್ಟಿದೆ, ಬೇಸಿಗೆಯಲ್ಲಿ ಎಷ್ಟು ಉಳಿಯುತ್ತದೆ? ಹಣ್ಣನ್ನು ಎಲ್ಲಿ ಮಾರುವ ಯೋಚನೆ? ಗುಂಡಿ ತೆಗೆದಾಗಿದೆಯೇ? ಈ ಪ್ರಶ್ನೆಗಳ ಉತ್ತರ ಕೇಳಿದ ಮೇಲೆ ಕೆಲವು ಸಲ ಗಿಡ ಕೊಡದೆ ಕಳಿಸಬೇಕಾಗುತ್ತದೆ. ನೀರು ನಿಲ್ಲುವ ಎರೆಭೂಮಿಗೆ ಪರಂಗಿ ಕೇಳುವವನಿಗೆ ಅದು ಬೇಡವೆಂದೇ ಹೇಳಬೇಕು. ಬುಡದಲ್ಲಿ ಒಂದೆರಡು ದಿನ ನೀರು ನಿಂತರೆ ಪರಂಗಿ ಗಿಡ ಬುಡ ಕೊಳೆತು ಬೀಳುತ್ತದೆ. ಬೇಸಿಗೆಯಲ್ಲಿ ಬಾವಿ ಬತ್ತುವ ಊರಿನವನು ಅಡಿಕೆ ಸಸಿ ಕೇಳಿದರೂ ಇದೇ ಮಾತು. ಮಲೆನಾಡಿನಂಥ ಬಹು ಮಳೆಯ ಪ್ರದೇಶದವನು ಜುಲೈ ತಿಂಗಳಲ್ಲಿ ಮಾವಿನ ಗಿಡಕ್ಕೆ ಬಂದರೆ ಮಳೆ ಇಳಿಮುಖವಾದ ಮೇಲೆ ಬಾ ಎಂದು ಹೇಳುವುದು ಲೇಸು.

ಮಾವಿನ ತಳಿಯ ಆಯ್ಕೆಯಲ್ಲಿಯೂ ಹೀಗೆಯೇ. ಬಾದಾಮಿ ಎಂದು ಹೆಸರಾದ ಆಪೂಸ್ ಹಣ್ಣನ್ನು ಎಲ್ಲರೂ ಕೇಳುತ್ತಾರೆ. ಅದರ ರುಚಿಗೆ ಸಾಟಿಯಿಲ್ಲ. ಆದರೆ ಅದು ಒಂದು ವರ್ಷ ಬಿಟ್ಟು ಒಂದು ವರ್ಷ ಫಲ ಕೊಡುವ ಸ್ವಭಾವದ್ದು, ಹಣ್ಣಿನೊಳಗೆ ತಿರುಳು ಸ್ಪಂಜಿನಂತಾಗುವ ದೋಷವೂ ಅದಕ್ಕುಂಟು. ಹೊರಗಿನಿಂದ ನೋಡಿದರೆ ಆ ದೋಷ ತಿಳಿಯುವುದೇ ಇಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಆಪೂಸ್ ಮತ್ತು ಬಂಗನಪಲ್ಲಿ ತಳಿಗಳನ್ನು ಕೂಡಿಸಿ ಪಡೆದ ಅರ್ಕಾ ಪುನೀತ್‌ನಲ್ಲಿ ಈ ದೋಷವಿಲ್ಲ. ನೀಲಂ ಮತ್ತು ದಶೇರಿ ಕೂಡಿಸಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯವರು ಪಡೆದ ಮಲ್ಲಿಕಾ ಇದೆ. ರಸ ತೆಗೆಯುವ ಕಾರ್ಖಾನೆಗಳು ಹತ್ತಿರವಿರುವ ಕಡೆ ತೋತಾಪುರಿ ಇದೆ; ಅದು ಹೆಚ್ಚು ಕಡಿಮೆ ಪ್ರತಿ ವರ್ಷವೂ ಕಾಯಿ ಹಿಡಿಯುತ್ತದೆ, ಬೆಲೆ ಬಿದ್ದ ವರ್ಷ ಮಾತ್ರ ಕಿತ್ತ ಕೂಲಿಯೂ ಹುಟ್ಟುವುದಿಲ್ಲ. ಇಷ್ಟನ್ನೂ ಬಾಯಿಬಿಟ್ಟು ಹೇಳಿ, ಆಯ್ಕೆಯನ್ನು ಗಿರಾಕಿಗೆ ಬಿಡಬೇಕು. ತನ್ನಲ್ಲಿ ಉಳಿದಿರುವ ತಳಿಯನ್ನೇ ಹೊಗಳಿ ಹೊರಿಸುವುದು ಆ ದಿನದ ವ್ಯಾಪಾರವಷ್ಟೇ.

ಇನ್ನು ಗಿಡದ ವಿಷಯ. ಒಳ್ಳೆಯ ಮಾತಿನಿಂದ ಕೆಟ್ಟ ಗಿಡ ಒಳ್ಳೆಯದಾಗುವುದಿಲ್ಲ. ಕಸಿಕಡ್ಡಿಯನ್ನು ಹಲವು ವರ್ಷ ಫಲ ಕೊಟ್ಟು ಗುಣ ತಿಳಿದಿರುವ ತಾಯಿಮರದಿಂದಲೇ ತೆಗೆಯಬೇಕು. ಕಡ್ಡಿ ಕತ್ತರಿಸುವ ವಾರ ಹತ್ತು ದಿನ ಮೊದಲೇ ಎಲೆಗಳನ್ನು ತೊಟ್ಟಿನ ತುಣುಕು ಉಳಿಯುವಂತೆ ಕತ್ತರಿಸಿದರೆ ಮೊಗ್ಗು ಉಬ್ಬಿ ಕಸಿ ಚೆನ್ನಾಗಿ ಹತ್ತುತ್ತದೆ. ಇದು ಬಲ್ಲವರಿಗೆ ಗೊತ್ತಿರುವ ಮಾತೇ. ಗೊತ್ತಿದ್ದೂ ತಪ್ಪುವ ಜಾಗ ಬೇರೆ ಇದೆ. ಆರ್ಡರು ಹೆಚ್ಚಾಗಿ ತಾಯಿಮರದ ಕಡ್ಡಿ ಮುಗಿದಾಗ, ಪಕ್ಕದ ತೋಟದ ಯಾವುದೋ ಮರದಿಂದ ಕಡ್ಡಿ ತಂದು ಅದೇ ಹೆಸರಿನ ಚೀಟಿ ಕಟ್ಟುವ ಆಸೆ ಹುಟ್ಟುತ್ತದೆ. ಎಲೆ ನೋಡಿ ಗುರುತಿಸುವವರು ಊರಿಗೆ ಒಬ್ಬರೋ ಇಬ್ಬರೋ. ಸಿಕ್ಕಿಬೀಳುವುದು ಐದು ವರ್ಷದ ಮೇಲೆ. ಅಷ್ಟರೊಳಗೆ ಅದೇ ಸಸ್ಯಾಗಾರದಿಂದ ಇನ್ನೂ ಇಪ್ಪತ್ತು ತೋಟಕ್ಕೆ ಗಿಡ ಹೋಗಿರುತ್ತದೆ. ಕಡ್ಡಿ ಮುಗಿದರೆ ಆರ್ಡರನ್ನು ಮುಂದಿನ ವರ್ಷಕ್ಕೆ ಹಾಕಬೇಕು, ಬೇರೆ ದಾರಿಯಿಲ್ಲ.

ತೆಂಗಿನ ಸಸಿಯಲ್ಲಿ ಆಸೆ ಇನ್ನೊಂದು ರೂಪದಲ್ಲಿ ಬರುತ್ತದೆ. ಬಿತ್ತನೆಗಾಯಿ ಹಾಕಿದ 5-6 ತಿಂಗಳೊಳಗೆ ಮೊಳೆಯದ ಕಾಯಿಗಳನ್ನು ತೆಗೆದುಹಾಕಬೇಕು. ಬೇಗ ಮೊಳೆತು, ಬುಡ ದಪ್ಪವಾಗಿ, ವರ್ಷ ತುಂಬುವ ಹೊತ್ತಿಗೆ ಆರು ಎಲೆಯಾದರೂ ಇದ್ದು, ಎಲೆ ಬೇಗ ಗರಿಯಾಗಿ ಸೀಳುವ ಸಸಿಯೇ ಮಾರಲು ಯೋಗ್ಯ. ಹೀಗೆ ಆರಿಸಿದರೆ ನೂರು ಕಾಯಿಗೆ ನೂರು ಸಸಿ ಸಿಕ್ಕುವುದಿಲ್ಲ. ಉಳಿದ ಬಡಕಲು ಸಸಿಗಳನ್ನು ಅರ್ಧ ಬೆಲೆಗೆ ಕೊಟ್ಟರಾಯಿತು, ಬಡವರಿಗೆ ಅನುಕೂಲ ಎನ್ನುವವರಿದ್ದಾರೆ. ಅರವತ್ತು ವರ್ಷ ನಿಲ್ಲಬೇಕಾದ ಮರವನ್ನು ಬಡವನ ಹಿತ್ತಿಲಲ್ಲಿ ಬಡಕಲಾಗಿ ನಿಲ್ಲಿಸುವುದು ಅನುಕೂಲವಲ್ಲ. ಆ ಸಸಿಗಳು ಸೌದೆಗೆ ಹೋಗಲಿ, ನಷ್ಟವನ್ನು ಒಳ್ಳೆಯ ಸಸಿಯ ಬೆಲೆಯಲ್ಲಿಯೇ ಸೇರಿಸಿ, ಕೇಳಿದವರಿಗೆ ಕಾರಣ ಹೇಳಿದರೆ ಒಪ್ಪುತ್ತಾರೆ.

ದೂರುಗಳಲ್ಲಿ ಅರ್ಧದಷ್ಟು ಮೋಸದಿಂದ ಹುಟ್ಟುವುದಿಲ್ಲ, ಹೇಳದೆ ಬಿಟ್ಟ ಮಾತಿನಿಂದ ಹುಟ್ಟುತ್ತವೆ. ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಕಸಿ ಗಿಡದಲ್ಲಿ ಮೇಲಿನದು ಬಾದಾಮಿಯೋ ಮಲ್ಲಿಕಾವೋ ಆಗಿದ್ದರೆ, ಕೆಳಗಿನ ಬುಡಗಿಡ ಓಟೆಯಿಂದ ಬಂದ ನಾಟಿ. ಕಸಿಯ ಕೆಳಗೆ ಚಿಗುರು ಬಂದರೆ ಅದು ನಾಟಿಯ ಚಿಗುರು, ಬಲು ಜೋರಾಗಿ ಬೆಳೆಯುತ್ತದೆ. ರೈತ ಅದನ್ನು ಕಂಡು ಗಿಡ ಹತ್ತಿತೆಂದು ಹಿಗ್ಗುತ್ತಾನೆ. ಮೇಲಿನ ಕಸಿ ಸೊರಗಿ ಒಣಗುತ್ತದೆ. ಆರನೆಯ ವರ್ಷ ನಾರಿನ ಹುಳಿ ಹಣ್ಣು ಬಿಟ್ಟಾಗ ಸಸ್ಯಾಗಾರದವನು ಮೋಸ ಮಾಡಿದನೆಂಬ ಮಾತು ಹುಟ್ಟುತ್ತದೆ. ಮಾರುವ ದಿನ ಕಸಿಯ ಗಂಟನ್ನು ಬೆರಳಿಟ್ಟು ತೋರಿಸಿ, "ಇದರ ಕೆಳಗೆ ಏನು ಚಿಗುರಿದ್ರೂ ಕೈಯಲ್ಲೇ ಚಿವುಟಿ ಹಾಕಿ" ಎಂದು ಹೇಳಿದ್ದರೆ ಅಷ್ಟೂ ತಪ್ಪುತ್ತಿತ್ತು. ಅದೇ ಉಸಿರಿನಲ್ಲಿ ಹೇಳಬೇಕಾದ ಬೇರೆ ಮಾತುಗಳೂ ಇವೆ. ಕಸಿಯ ಗಂಟು ಮಣ್ಣಿನಲ್ಲಿ ಹೂಳಬಾರದು. ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಉಳಿದಿದ್ದರೆ ಕಸಿ ಬೆಸೆದ ಮೇಲೆ ಬಿಚ್ಚಬೇಕು, ಇಲ್ಲವಾದರೆ ಕತ್ತು ಬಿಗಿದು ಗಾಳಿಗೆ ಮುರಿಯುತ್ತದೆ. ಚೀಲವನ್ನು ಸೀಳಿ ತೆಗೆದೇ ನೆಡಬೇಕು. ಮೊದಲ ಎರಡು ಮೂರು ವರ್ಷ ಹೂ ಬಂದರೆ ಮುಲಾಜಿಲ್ಲದೆ ಕಿತ್ತುಹಾಕಬೇಕು.

ಪರಂಗಿಯಲ್ಲಿ ಗಂಡು ಗಿಡ ಹೆಣ್ಣು ಗಿಡ ಬೇರೆ ಬೇರೆ ಇರುವ ತಳಿಯಾದರೆ ಗುಂಡಿಗೆ ಎರಡು ಮೂರು ಸಸಿ ನೆಟ್ಟು, ಹೂ ಬಂದಾಗ ಹೆಚ್ಚಿನ ಗಂಡು ಗಿಡ ತೆಗೆಯಬೇಕು. ಇದನ್ನು ಹೇಳದೆ ಗುಂಡಿಗೊಂದರಂತೆ ಎಣಿಸಿ ಕೊಟ್ಟರೆ ತೋಟದಲ್ಲಿ ಅರ್ಧ ಗಂಡು ಗಿಡವೇ ನಿಂತು ಜಗಳವಾಗುತ್ತದೆ. ಕೂರ್ಗ್ ಹನಿಡ್ಯೂ ತಳಿಯಲ್ಲಿ ಬರಿಯ ಗಂಡು ಗಿಡಗಳ ಕಾಟವಿಲ್ಲ ಎಂಬುದನ್ನೂ ತಿಳಿಸಬಹುದು.

ತರಕಾರಿ ಸಸಿಯ ಗಿರಾಕಿಯ ಕಷ್ಟ ಬೇರೆ. ಅವನಿಗೆ ಮುಖ್ಯವಾದದ್ದು ದಿನ. ತೆಂಗಿನ ನಾರಿನ ಪುಡಿ ತುಂಬಿದ ತಟ್ಟೆಗಳಲ್ಲಿ ಬೆಳೆಸಿದ ಟೊಮ್ಯಾಟೊ ಸಸಿ ಸುಮಾರು 25 ದಿನಕ್ಕೆ, ಮೆಣಸಿನಕಾಯಿ 35-40 ದಿನಕ್ಕೆ ನಾಟಿಗೆ ಬರುತ್ತದೆ. ಹೇಳಿದ ದಿನ ಕೊಡದಿದ್ದರೆ ಹೊಲದಲ್ಲಿ ಸಾಲು ಹೊಡೆದು ಕೂಲಿಯಾಳು ಕರೆದವನು ಆಳಿನ ಕೂಲಿ ತೆತ್ತು ಸುಮ್ಮನೆ ಕೂರಬೇಕಾಗುತ್ತದೆ. ವಾರ ಮುಂಚೆ ಫೋನು ಮಾಡಿ "ಸಸಿ ಗುರುವಾರಕ್ಕೆ ಬರುತ್ತೆ, ಹೊಲ ಸಿದ್ಧ ಇದೆಯಾ" ಎಂದು ಕೇಳುವುದಕ್ಕೆ ಖರ್ಚು ಏನೂ ಇಲ್ಲ. ತಡವಾಗುವುದಾದರೆ ಅದನ್ನೂ ಆ ದಿನವೇ ಹೇಳಬೇಕು. ಕೊಡುವ ನಾಲ್ಕೈದು ದಿನ ಮೊದಲು ನೀರು ಕಡಿಮೆ ಮಾಡಿ, ಬಿಸಿಲಿಗೆ ಒಡ್ಡಿ ಸಸಿಯನ್ನು ಗಟ್ಟಿ ಮಾಡಬೇಕು. ನೆರಳಲ್ಲಿ ನೀರು ಕುಡಿದು ಎಳೆದುಕೊಂಡು ಬೆಳೆದ ಸಸಿ ತಟ್ಟೆಯಲ್ಲಿ ಅಂದವಾಗಿ ಕಾಣುತ್ತದೆ, ಹೊಲದಲ್ಲಿ ಎರಡೇ ದಿನಕ್ಕೆ ಬಾಗುತ್ತದೆ. ಬೀಜದ ಖಾಲಿ ಪೊಟ್ಟಣವನ್ನೂ ಅದರ ಲಾಟ್ ಸಂಖ್ಯೆಯನ್ನೂ ಗಿರಾಕಿಗೆ ಸಸಿಯೊಂದಿಗೆ ಕೊಡುವ ಪದ್ಧತಿ ಇಟ್ಟುಕೊಳ್ಳುವುದು ಬಹಳ ಒಳ್ಳೆಯದು. ನಾಳೆ ಬೀಜವೇ ಕಳಪೆಯಾಗಿದ್ದರೆ ಇಬ್ಬರಿಗೂ ಕೈಯಲ್ಲಿ ಆಧಾರ ಇರುತ್ತದೆ.

ಕಾನೂನಿನ ಮಾತನ್ನು ಇಲ್ಲಿಯೇ ಹೇಳಿಬಿಡಬಹುದು. 1986ರಲ್ಲಿ ಬಳಕೆದಾರರ ಸಂರಕ್ಷಣಾ ಕಾಯಿದೆ ಬಂತು, ಅದರ ಜಾಗಕ್ಕೆ 2019ರ ಕಾಯಿದೆ ಬಂದಿದೆ. ಬಿತ್ತನೆ ಬೀಜ ಕೊಂಡ ರೈತನೂ ಬಳಕೆದಾರನೇ, ಬೀಜದ ಕಾಯಿದೆ ಬೇರೆ ಇದೆಯೆಂಬ ಕಾರಣದಿಂದ ಅವನಿಗೆ ಬಳಕೆದಾರರ ವೇದಿಕೆಯ ಬಾಗಿಲು ಮುಚ್ಚುವುದಿಲ್ಲವೆಂದು 2012ರಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಬೀಜ ನಿಗಮ ಮತ್ತು ಆಂಧ್ರ ಪ್ರದೇಶದ ರೈತರ ನಡುವಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಕೊಂಡ ಬೀಜವನ್ನೆಲ್ಲ ಬಿತ್ತಿಬಿಡುವ ರೈತ ಪರೀಕ್ಷೆಗೆಂದು ಒಂದು ಹಿಡಿ ತೆಗೆದಿಟ್ಟಿರಬೇಕೆಂದು ನಿರೀಕ್ಷಿಸುವುದು ಸರಿಯಲ್ಲವೆಂಬುದನ್ನೂ ಕೋರ್ಟು ಗಮನಿಸಿತು. ಸಸಿ ಮಾರುವವರು ಇದನ್ನು ತಿಳಿದಿರಬೇಕು. ಆದರೆ ವಿಷಯ ಅಲ್ಲಿಗೆ ಹೋಗುವ ಹೊತ್ತಿಗೆ ಗಿರಾಕಿ ಹೋಗಿಯಾಗಿರುತ್ತದೆ, ಅವನ ಊರೂ ಹೋಗಿರುತ್ತದೆ.

ಗಿಡ ಸಾಗಿಸುವಾಗಲೂ ಎಷ್ಟೋ ಹಾಳಾಗುತ್ತದೆ. ಬಿಸಿಲು ಇಳಿದ ಮೇಲೆ ಹೇರಬೇಕು, ಹಿಂದಿನ ದಿನವೇ ನೀರು ಕೊಟ್ಟಿರಬೇಕು, ಓಡುವ ಗಾಡಿಯ ಗಾಳಿಗೆ ಎಲೆ ಒಣಗದಂತೆ ಮೇಲೆ ಹೊದಿಸಬೇಕು. ತಂದ ದಿನವೇ ನೆಡದೆ ವಾರದ ಮಟ್ಟಿಗೆ ಮರದ ನೆರಳಿನಲ್ಲಿಟ್ಟು ಸುಧಾರಿಸಿಕೊಳ್ಳಲು ಬಿಡುವಂತೆ ಹೇಳಬೇಕು.

ಸತ್ತ ಗಿಡಕ್ಕೆ ಬದಲಿ ಗಿಡ ಕೊಡಬೇಕೇ ಬೇಡವೇ ಎಂಬುದು ಸದಾ ಚರ್ಚೆಯ ವಿಷಯ. ನೀರು ಹಾಕದೆ ಒಣಗಿಸಿದವನಿಗೂ ಕೊಡುತ್ತ ಹೋದರೆ ಸಸ್ಯಾಗಾರ ಉಳಿಯುವುದಿಲ್ಲವೆನ್ನುವುದು ನಿಜ. ಆದರೆ ಯಾರ ತಪ್ಪು ಎಂದು ಪ್ರತಿ ಗಿಡಕ್ಕೂ ಪಂಚಾಯಿತಿ ಮಾಡುವುದರಿಂದಲೂ ಲಾಭವಿಲ್ಲ. ನೂರಕ್ಕೆ ಐದು ಗಿಡದವರೆಗೆ, ಅದೇ ಮಳೆಗಾಲದೊಳಗೆ, ಪ್ರಶ್ನೆ ಕೇಳದೆ ಬದಲಿ ಕೊಡುವುದೆಂದು ಮೊದಲೇ ಹೇಳಿ, ಚೀಟಿಯಲ್ಲಿ ಬರೆದು, ಅದರ ಖರ್ಚನ್ನು ಬೆಲೆಯಲ್ಲಿ ಸೇರಿಸುವುದು ನೇರವಾದ ಕ್ರಮ. ಇಪ್ಪತ್ತರಲ್ಲಿ ಒಂದು ಪಾಲು ಬೆಲೆ ಹೆಚ್ಚಾದೀತು. ಐದಕ್ಕಿಂತ ಹೆಚ್ಚು ಸತ್ತರೆ ತಾನೇ ಹೋಗಿ ನೋಡಬೇಕು. ಗೆದ್ದಲೋ, ನೀರು ನಿಂತಿತೋ, ಚೀಲದಲ್ಲಿ ಎರಡು ವರ್ಷ ಉಳಿದು ಬೇರು ಸುತ್ತಿಕೊಂಡ ಹಳೆಯ ಗಿಡವೋ ಎಂಬುದು ಕಿತ್ತು ನೋಡಿದಾಗಲೇ ತಿಳಿಯುತ್ತದೆ. ಮೂರನೆಯದಾದರೆ ತಪ್ಪು ಸಸ್ಯಾಗಾರದ್ದು, ಅಷ್ಟನ್ನೂ ಬದಲಿಸಿ ಕೊಡಬೇಕು.

ಸತ್ತರೆ ಮಾತ್ರ ಹೋಗುವುದಲ್ಲ, ನೆಟ್ಟ ಒಂದು ತಿಂಗಳಿಗೆ ಒಮ್ಮೆ ಸುಮ್ಮನೆ ಹೋಗಿ ಬರುವುದು ಎಲ್ಲಕ್ಕಿಂತ ಫಲ ಕೊಡುವ ಕೆಲಸ. ಅರ್ಧ ದಿನ ಹಿಡಿದೀತು. ಕಸಿಯ ಕೆಳಗಿನ ಚಿಗುರು ತೆಗೆದು, ಆಸರೆಗೆ ಕೋಲು ಕಟ್ಟಿ ತೋರಿಸುತ್ತಿರುವಾಗ ಬೇಲಿಯಾಚೆಯ ರೈತ ಬಂದು ನಿಲ್ಲುತ್ತಾನೆ. "ನಮ್ಮ ಕಡೇನೂ ಸ್ವಲ್ಪ ಬಂದು ನೋಡಿ ಸ್ವಾಮಿ, ನಮ್ಮ ಗಿಡ ಯಾಕೋ ಏಳ್ತಾ ಇಲ್ಲ" ಎನ್ನುತ್ತಾನೆ. ಅವನು ಗಿಡ ಕೊಂಡದ್ದು ಬೇರೆಯವರಲ್ಲಿ. ಅಲ್ಲಿಗೂ ಹೋಗಬೇಕು, ಆ ಬೇರೆಯವರನ್ನು ಹಳಿಯದೆ ಗಿಡದ ವಿಷಯ ಮಾತ್ರ ಹೇಳಿ ಬರಬೇಕು. ಮುಂದಿನ ಮಳೆಗಾಲಕ್ಕೆ ಅವನು ಎಲ್ಲಿಗೆ ಬರುತ್ತಾನೆಂಬುದು ಬಿಡಿಸಿ ಹೇಳಬೇಕಾದ ಮಾತಲ್ಲ.

ಇಷ್ಟೆಲ್ಲ ಮಾಡಿಯೂ ತಳಿ ತಪ್ಪಿಹೋದ ಸಂದರ್ಭ ಬಂದೇ ಬರುತ್ತದೆ. ಆರು ವರ್ಷದ ಮೇಲೆ ಒಬ್ಬರು ಟವೆಲಿನಲ್ಲಿ ನಾಲ್ಕು ಹಣ್ಣು ಕಟ್ಟಿಕೊಂಡು ಬಂದು ಮುಂದಿಟ್ಟು, "ಇದೇ ಏನು ನೀವು ಕೊಟ್ಟ ಬಾದಾಮಿ?" ಎಂದು ಕೇಳುತ್ತಾರೆ. ಆ ಗಳಿಗೆಯಲ್ಲಿ ಗಿಡದ ಹಣ ವಾಪಸು ಕೊಟ್ಟರೆ ಅವರಿಗೆ ಏನೂ ಸಿಕ್ಕಿದಂತಲ್ಲ. ಅವರ ಆರು ವರ್ಷಕ್ಕೆ ಪರಿಹಾರವೆಂದರೆ ಮರುಕಸಿ. ಬುಡಗಿಡದ ಬೇರು ಆರು ವರ್ಷ ಇಳಿದು ಗಟ್ಟಿಯಾಗಿದೆ, ಅದು ವ್ಯರ್ಥವಾಗಬೇಕಾಗಿಲ್ಲ. ಕೊಂಬೆಗಳನ್ನು ತಗ್ಗಾಗಿ ಕತ್ತರಿಸಿ, ಕೊಯ್ದ ಜಾಗಕ್ಕೆ ಬೋರ್ಡೋ ಮುಲಾಮು ಬಳಿದು, ಬಂದ ಚಿಗುರುಗಳಲ್ಲಿ ಸದೃಢವಾದ ಕೆಲವನ್ನು ಮಾತ್ರ ಉಳಿಸಿ, ಅವು ಪೆನ್ಸಿಲ್ ಗಾತ್ರಕ್ಕೆ ಬಂದಾಗ ನಂಬಿಕೆಯ ತಾಯಿಮರದ ಕಡ್ಡಿಯಿಂದ ಮೃದುಕಾಂಡ ಕಸಿ ಮಾಡಿದರೆ ಮೂರನೆಯ ವರ್ಷದ ಹೊತ್ತಿಗೆ ಸರಿಯಾದ ಹಣ್ಣು ಕಾಣಬಹುದು. ಕಾಂಡ ಕೊರೆಯುವ ಹುಳುವಿನ ಬಗ್ಗೆ ಎಚ್ಚರವಿರಬೇಕು. ಎಲ್ಲ ಮರಗಳನ್ನೂ ಒಂದೇ ವರ್ಷ ಕಡಿಯದೆ ಅರ್ಧರ್ಧ ಮಾಡಿದರೆ ರೈತನಿಗೆ ಇರುವ ಹುಳಿ ಹಣ್ಣಿನ ಆದಾಯವಾದರೂ ಉಳಿಯುತ್ತದೆ, ಉಪ್ಪಿನಕಾಯಿಗೆ ಅದು ಹೋಗುತ್ತದೆ. ಈ ಕೆಲಸವನ್ನು ಸಸ್ಯಾಗಾರದವನು ತನ್ನ ಕಸಿಚಾಕು, ತನ್ನ ಕಡ್ಡಿ, ತನ್ನ ಆಳಿನೊಂದಿಗೆ ಹೋಗಿ ಬಿಟ್ಟಿಯಾಗಿ ಮಾಡಿಕೊಡಬೇಕು. 80 ಮರಕ್ಕೆ ಎಷ್ಟೋ ದಿನದ ಕೆಲಸ. ಆದರೂ ಅವನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಸೇವೆ ಇನ್ನೊಂದಿಲ್ಲ. ಬೈದುಕೊಂಡು ತಿರುಗಬೇಕಾಗಿದ್ದ ಮನುಷ್ಯ ನಾಲ್ಕು ಊರಿಗೆ ಈ ಕಥೆಯನ್ನೇ ಹೇಳಿಕೊಂಡು ತಿರುಗುತ್ತಾನೆ.

ನಾಲ್ಕೇ ಗಿಡ ಕೊಳ್ಳುವವರ ಬಗ್ಗೆ ಒಂದು ಮಾತು. ಹಿತ್ತಿಲಿಗೆ ಒಂದು ಕರಿಬೇವು, ಒಂದು ನಿಂಬೆ, ಒಂದು ನುಗ್ಗೆ ಕೇಳಿಕೊಂಡು ಬರುವ ಹೆಂಗಸರನ್ನು ಲಾರಿ ಆರ್ಡರಿನವರ ಮುಂದೆ ಗಂಟೆಗಟ್ಟಲೆ ನಿಲ್ಲಿಸುವುದು ಹಲವು ಕಡೆ ಕಾಣುತ್ತದೆ. ಮನೆಯಲ್ಲಿ ತೋಟದ ಬಗ್ಗೆ ತೀರ್ಮಾನ ಮಾಡುವವರಲ್ಲಿ ಆಕೆಯೂ ಒಬ್ಬಳು. "ಬನ್ನಿ ಅಕ್ಕಾ, ನಿಂಬೆ ಯಾವ ಕಡೆ ನೆಡ್ತೀರಿ, ಬಚ್ಚಲ ನೀರು ಹೋಗೋ ಜಾಗವಾ?" ಎಂದು ಕೇಳಿ, ಸೋಪಿನ ನೀರು ನಿಲ್ಲುವ ಜಾಗ ಬೇಡವೆಂದು ತಿಳಿಸಿ ಕಳಿಸಲು ಎರಡು ನಿಮಿಷ ಸಾಕು.

ರಾಜ್ಯದಲ್ಲಿ ತೋಟಗಾರಿಕೆಯ ಪಿತಾಮಹರೆನಿಸಿದ ಡಾ. ಎಂ. ಎಚ್. ಮರಿಗೌಡರು ಇಲಾಖೆಯ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ಜಿಲ್ಲೆ ಜಿಲ್ಲೆಗೆ ಹರಡಿದ್ದರಿಂದ ಒಳ್ಳೆಯ ಗಿಡ ಎಂದರೆ ಹೇಗಿರಬೇಕೆಂಬುದು ಹಳ್ಳಿಯವರ ಕಣ್ಣಿಗೆ ಬಿತ್ತು. ಇಲಾಖೆಯ ಸಸ್ಯಾಗಾರದ ನಂಬಿಕೆಯೊಂದಿಗಾಗಲಿ, ಬೆಲೆಯೊಂದಿಗಾಗಲಿ ಹಳ್ಳಿಯ ಸಣ್ಣ ಸಸ್ಯಾಗಾರ ಪೈಪೋಟಿ ಮಾಡಬೇಕಾಗಿಲ್ಲ. ಅದು ಮಾಡಲಾಗದ ಕೆಲಸವೊಂದಿದೆ: ಗಿಡದ ಹಿಂದೆ ತೋಟಕ್ಕೆ ಹೋಗುವುದು. ನಿಜವಾದ ಪೈಪೋಟಿ ಇರುವುದು ಮಳೆಗಾಲದಲ್ಲಿ ಗಾಡಿ ತುಂಬ ಗಿಡ ತಂದು, ಬಾಯಿಗೆ ಬಂದ ತಳಿಯ ಹೆಸರು ಹೇಳಿ ಅಗ್ಗಕ್ಕೆ ಮಾರಿ, ಮುಂದಿನ ವರ್ಷ ಮುಖ ತೋರದವರೊಂದಿಗೆ. ಮೊದಲ ಎರಡು ಮೂರು ವರ್ಷ ಅವರ ಮುಂದೆ ಪ್ರಾಮಾಣಿಕನ ವ್ಯಾಪಾರ ಇಳಿಯುತ್ತದೆ, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ವರ್ಷಗಳನ್ನು ದಾಟಲು ತರಕಾರಿ, ಚೆಂಡು ಹೂವು, ಸೇವಂತಿಗೆ ಸಸಿಗಳಂಥ ತಿಂಗಳೊಪ್ಪತ್ತಿನಲ್ಲಿ ಹಣ ಬರುವ ಕೆಲಸ ಜೊತೆಗಿರಬೇಕು. ಮಾವು, ತೆಂಗನ್ನು ಮುಂಗಡ ಪಡೆದ ಆರ್ಡರಿನಷ್ಟೇ ಬೆಳೆಸಬೇಕು. ರಾಷ್ಟ್ರೀಯ ತೋಟಗಾರಿಕೆ ಮಂಡಳಿಯ ಮಾನ್ಯತೆ ಪಡೆಯಲು ಪ್ರಯತ್ನಿಸುವುದೂ ಒಳ್ಳೆಯದು, ಅದಕ್ಕೆ ತಾಯಿಮರಗಳೂ ದಾಖಲೆಯೂ ಬೇಕು.

ತಾಯಿಮರಗಳಿರುವವರು ಮೇ ತಿಂಗಳಲ್ಲಿ ಹಳೆಯ ಗಿರಾಕಿಗಳನ್ನು ಕರೆದು ಆಯಾ ಮರದ ಹಣ್ಣನ್ನು ಕೊಯ್ದು ತಿನ್ನಿಸಬಹುದು. ಯಾವ ಗಿಡದಿಂದ ಯಾವ ಹಣ್ಣು ಎಂಬುದಕ್ಕೆ ನಾಲಿಗೆಗಿಂತ ದೊಡ್ಡ ಸಾಕ್ಷಿ ಬೇಡ, ಬರುವವರು ಜೊತೆಗೆ ಒಬ್ಬ ನೆಂಟನನ್ನು ಕರೆದುಕೊಂಡೇ ಬರುತ್ತಾರೆ.

ದಾಖಲೆಗೆ ಒಂದು ಉದ್ದ ಪುಸ್ತಕ ಸಾಕು. ಗಿರಾಕಿಯ ಹೆಸರು, ಊರು, ಫೋನು, ತಳಿ, ಎಷ್ಟು ಗಿಡ, ಯಾವ ತಾಯಿಮರದ ಕಡ್ಡಿ, ಕಸಿ ಮಾಡಿದ ತಿಂಗಳು, ಕೊಟ್ಟ ದಿನ, ಹೋಗಿ ನೋಡಿದ ದಿನ, ಬದಲಿ ಕೊಟ್ಟದ್ದು. ಇದರ ಒಂದು ಪ್ರತಿಯನ್ನು ಚೀಟಿಯಲ್ಲಿ ಗಿರಾಕಿಗೂ ಕೊಡಬೇಕು. ಈ ಸಲದ ಬುಡಗಿಡಗಳಿಂದಲೇ ಇದನ್ನು ಆರಂಭಿಸಲು ಕಾಲ ಅನುಕೂಲವಾಗಿದೆ. ಮಾವಿನ ಓಟೆಗಳು ಹಣ್ಣಿನಿಂದ ಬೇರೆಯಾದ ನಾಲ್ಕೈದು ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಸಂಗ್ರಹಿಸಿದ ಓಟೆಯನ್ನು ತಡಮಾಡದೆ ಏರುಮಡಿಗೆ ಹಾಕಿ, ಮೊದಲ ಪುಟದಲ್ಲಿ ಆ ದಿನದ ತಾರೀಖು ಬರೆದಿಡಬೇಕು.